ಓಡಿಸದೆ ನೋಡಿದ ಒಂದು ಗಂಟೆ

ಗೊರಿಲ್ಲಾ ತಿಮ್ಮಪ್ಪಣ್ಣನ ಕೈ ಹಿಡಿಯಲಿಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಬೆಳ್ತಂಗಡಿಯಿಂದ ಬಂಟ್ವಾಳದ ತನಕ ಯಾವ ಮದುವೆಯ ಊಟಕ್ಕೆ ಹೋದರೂ ಈ ಕತೆ ಕಿವಿಗೆ ಬೀಳುತ್ತದೆ. ಆಫ್ರಿಕಾದ ಕಾಡಿನಲ್ಲಿ ಆಳೆತ್ತರದ ಗೊರಿಲ್ಲಾ ಎದ್ದು ಬಂದು ತಿಮ್ಮಪ್ಪಣ್ಣನ ಕೈ ಹಿಡಿಯಿತಂತೆ. ಅವರು ಜಗ್ಗದೆ ನಿಂತರಂತೆ. ಹೆಂಡತಿ ಕಲ್ಯಾಣಿಯಕ್ಕ ಮಾತ್ರ ಹೆದರಿ ಬೆಟ್ಟದ ಬುಡದಲ್ಲೇ ಕುಳಿತರಂತೆ. ಸಾಕ್ಷಿಗೆ ಒಂದು ಫೋಟೊ ಕೂಡ ಉಂಟು. ಫೋನಿನಿಂದ ಫೋನಿಗೆ ಹೋಗಿ ಹೋಗಿ ಮಸುಕಾದ ಆ ಫೋಟೊದಲ್ಲಿ ತಿಮ್ಮಪ್ಪಣ್ಣ ಒಂದು ದೊಡ್ಡ ಕಪ್ಪು ಪ್ರಾಣಿಯ ಕೈ ಹಿಡಿದು ನಿಂತಿದ್ದಾರೆ. ಅದು ದಾರಿಯಲ್ಲಿ ನಾವು ಚಹಾ ಕುಡಿದ ಹೋಟೆಲಿನ ಅಂಗಳದ ಸಿಮೆಂಟ್ ಗೊರಿಲ್ಲಾ. ಫೋಟೊ ತೆಗೆದದ್ದು ನಾನೇ.

ಕತೆ ಹೇಳುವವರ ಹತ್ತಿರ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಗೆ ಇದನ್ನು ಹೇಳಿದ್ದು ಯಾರು? ಇನ್ನೊಬ್ಬರು. ಆ ಇನ್ನೊಬ್ಬರಿಗೆ? ಮತ್ತೊಬ್ಬರು. ಅಲ್ಲಿದ್ದವರನ್ನು ಮಾತ್ರ ಯಾರೂ ಕೇಳಿಲ್ಲ. ನಾನು ಅಲ್ಲಿದ್ದೆ. ಬೆಟ್ಟ ಹತ್ತಿದವರು ಕಲ್ಯಾಣಿಯಕ್ಕ, ಬುಡದಲ್ಲಿ ಕುಳಿತವರು ತಿಮ್ಮಪ್ಪಣ್ಣ. ಹಾಗಾದರೆ ಇಬ್ಬರೂ ಯಾಕೆ ಸುಮ್ಮನಿದ್ದಾರೆ ಎಂದು ನೀವು ಕೇಳಬೇಕು. ಒಳ್ಳೆಯ ಪ್ರಶ್ನೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಸುಪ್ರೀತಾ, ಬೆಳುವಾಯಿಯವಳು. ಪೂರ್ವ ಆಫ್ರಿಕಾದಲ್ಲಿ ಲಾರಿಯ ಮೇಲೆ ಜನರನ್ನು ಕೂರಿಸಿಕೊಂಡು, ಟೆಂಟ್ ಹಾಕಿ ಮಲಗಿಸಿ, ಅಡುಗೆ ಮಾಡಿ ಬಡಿಸಿ, ಕೀನ್ಯಾದ ಹುಲ್ಲುಗಾವಲಿನಿಂದ ಉಗಾಂಡದ ಗೊರಿಲ್ಲಾ ಕಾಡಿನವರೆಗೆ ಕರೆದುಕೊಂಡು ಹೋಗಿ ಬರುವುದು ನನ್ನ ಉದ್ಯೋಗವಾಗಿತ್ತು. ಈಗ ನಿವೃತ್ತಳು. ಹೀಗೆಂದರೆ ನೆರೆಯವರಿಗೆ ನಗು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಎಂತ ನಿವೃತ್ತಿ ಎನ್ನುತ್ತಾರೆ. ಕಬಡ್ಡಿ ಆಡುವವನು ಮೂವತ್ತೈದಕ್ಕೆ ಆಟ ಬಿಟ್ಟರೆ ಸನ್ಮಾನ ಮಾಡುತ್ತಾರೆ, ನಾನು ಬಿಟ್ಟರೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಲಾರಿಯ ಏಣಿ ಹತ್ತಿ ಇಳಿದು, ನೀರಿನ ಕ್ಯಾನು ಹೊತ್ತು ನನ್ನ ಬಲಗಾಲಿನ ಮೊಣಗಂಟು ಸವೆದುಹೋಗಿದೆ. ಆ ಕೆಲಸದಲ್ಲಿ ಮೊಣಗಂಟು ಹೋದರೆ ಕೆಲಸವೂ ಹೋಯಿತು. ಈಗ ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ನಾನೂ ಅದರಲ್ಲೇ ಬೆಳೆದವಳು. ಪ್ರವಾಸೋದ್ಯಮ ಓದುವ ಮಕ್ಕಳು ಪಾಠ ಮುಗಿದ ಮೇಲೆ ನಿಂತು ಕೇಳುತ್ತಾರೆ: ಅಕ್ಕ, ಆ ಕೆಲಸಕ್ಕೆ ಹೋಗಬಹುದಾ? ಸಿಂಹ ದಿನಾ ಕಾಣ್ತದಾ? ಅವರಿಗಾಗಿ ಹೇಳುವ.

ಸಿಂಹ ದಿನಾ ಕಾಣುವುದಿಲ್ಲ. ದಿನಾ ಕಾಣುವುದು ಪಾತ್ರೆ.

ನಾನು ಅಲ್ಲಿಗೆ ಹೋದದ್ದು ಸಿಂಹಕ್ಕಾಗಿಯೂ ಅಲ್ಲ. ನೈರೋಬಿಯಲ್ಲಿ ನಮ್ಮ ಸೋದರಮಾವನ ಹೋಟೆಲು ಇತ್ತು, ದುಡ್ಡಿನ ಗಲ್ಲಾದಲ್ಲಿ ಕೂರಲು ಜನ ಬೇಕಾಗಿತ್ತು. ಎದುರುಗಡೆಯ ಒಂದು ಸಫಾರಿ ಕಂಪೆನಿಯವರು ದಿನಾ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಊರಿನಿಂದ, ಗಲ್ಫಿನಿಂದ ನಮ್ಮವರ ಗುಂಪುಗಳು ಬರಲು ಶುರುವಾಗಿ, ಅವರ ಭಾಷೆ, ಅವರ ಊಟ ಗೊತ್ತಿರುವವರು ಬೇಕೆಂದಾಗ ನಾನು ಗಲ್ಲಾದಿಂದ ಎದ್ದು ಲಾರಿ ಹತ್ತಿದೆ. ಮಾವ ಎಷ್ಟೋ ಸಮಯ ನನ್ನ ಜತೆ ಮಾತಾಡಲಿಲ್ಲ.

ಆ ಲಾರಿಯನ್ನು ನೀವು ನೋಡಬೇಕಿತ್ತು. ಕೆಳಗೆಲ್ಲ ಲಾರಿಯೇ. ಮೇಲೆ ಬಸ್ಸಿನ ಹಾಗೆ ಸೀಟು, ಬದಿಯಲ್ಲಿ ಸುತ್ತಿಡುವ ಟಾರ್ಪಾಲು. ಹೊಟ್ಟೆಯ ಎರಡೂ ಬದಿಗೆ ಕಪಾಟುಗಳು: ಒಂದರಲ್ಲಿ ಟೆಂಟು, ಒಂದರಲ್ಲಿ ಗ್ಯಾಸಿನ ಒಲೆ, ಒಂದರಲ್ಲಿ ಅಕ್ಕಿ ಬೇಳೆ. ಅದರ ಡ್ರೈವರ್ ಮ್ವಾಂಗಿ ನನ್ನ ಮೇಲಧಿಕಾರಿ. ಕೀನ್ಯಾದವರು, ಅರವತ್ತರ ಹತ್ತಿರ, ದೊಡ್ಡ ಹೊಟ್ಟೆ, ಸಣ್ಣ ದನಿ. ದಾರಿಯ ವಿಷಯದಲ್ಲಿ ಅವರದ್ದೇ ಕೊನೆಯ ಮಾತು. ನಾನು ಮೊದಲ ಪ್ರವಾಸದಲ್ಲಿ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಿದ್ದೆ. ಒಂದು ದಿನ ಅವರು ಲಾರಿ ನಿಲ್ಲಿಸಿ, ಇಳಿದು, ನನ್ನನ್ನು ಚಕ್ರದ ಹತ್ತಿರ ಕರೆದು, ಕೆಸರಿನಲ್ಲಿ ಅರ್ಧ ಹೂತ ಟಯರನ್ನು ತೋರಿಸಿ ಹೇಳಿದರು: "ಇದಕ್ಕೆ ಕಾರಣ ಬೇಡ. ಸಲಿಕೆ ಬೇಕು." ಅಗೆದೆ. ಚರ್ಚಾಸ್ಪರ್ಧೆಯ ಯಾವ ತೀರ್ಪುಗಾರರೂ ನನ್ನ ಬಾಯಿಯನ್ನು ಅಷ್ಟು ಬೇಗ ಮುಚ್ಚಿಸಿರಲಿಲ್ಲ.

ಕೆಲಸದ ಒಂದು ಕ್ರಮ ನಮ್ಮವರಿಗೆ ಅರಗುತ್ತಿರಲಿಲ್ಲ. ಈ ಪ್ರವಾಸದಲ್ಲಿ ಯಾರೂ ಬರೀ ಅತಿಥಿಗಳಲ್ಲ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಪಾಳಿಯ ಮೇಲೆ ಎಲ್ಲರಿಗೂ ಬರುತ್ತದೆ. ತೊಳೆದ ಬಟ್ಟಲನ್ನು ಬಟ್ಟೆಯಿಂದ ಒರೆಸುವಂತಿಲ್ಲ. ಒಂದು ಬಟ್ಟೆಯಿಂದ ಎಲ್ಲರ ಬಟ್ಟಲು ಒರೆಸಿದರೆ ಒಬ್ಬನ ಹೊಟ್ಟೆಯ ಕಾಯಿಲೆ ಎಲ್ಲರಿಗೂ. ಆದ್ದರಿಂದ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಗಾಳಿಯಲ್ಲಿ ಬೀಸಿ ಬೀಸಿ ಒಣಗಿಸಬೇಕು. ಮನೆಯಲ್ಲಿ ಉಂಡ ಬಟ್ಟಲು ಎತ್ತಿಡದ ಗಂಡಸರು ಆಫ್ರಿಕಾದ ಸಂಜೆಯ ಬಿಸಿಲಿನಲ್ಲಿ ಸಾಲಾಗಿ ನಿಂತು ಬಟ್ಟಲು ಬೀಸುವುದನ್ನು ನೋಡಲಿಕ್ಕಾದರೂ ಈ ಉದ್ಯೋಗಕ್ಕೆ ಹೋಗಬಹುದು. ಅವರ ಹೆಂಡಂದಿರು ಕುರ್ಚಿಯಲ್ಲಿ ಕುಳಿತು ಫೋಟೊ ತೆಗೆಯುತ್ತಿದ್ದರು. ಆ ಫೋಟೊಗಳು ಮಾತ್ರ ಊರಿನಲ್ಲಿ ಯಾರ ಫೋನಿಗೂ ಹೋಗಲಿಲ್ಲ.

ತಪ್ಪುಗಳಿಗೂ ಬರಗಾಲವಿರಲಿಲ್ಲ. ಬಂಟ್ವಾಳದ ಮೊದಲ ಗುಂಪು ಬಂದಾಗ ಗಂಜಿ ಇಲ್ಲದೆ ಆಗದು ಎಂದು ಪಟ್ಟು ಹಿಡಿದರು. ಊರಿನಿಂದಲೇ ಕುಚ್ಚಲಕ್ಕಿ ತಂದಿದ್ದರು. ಉಗಾಂಡದ ಆ ಬೆಟ್ಟದ ಸೀಮೆಯಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಎತ್ತರಕ್ಕೆ ಹೋದಷ್ಟೂ ಹಾಗೆ. ಶಾಲೆಯಲ್ಲಿ ಓದಿದ್ದೇ, ಒಲೆಯ ಮುಂದೆ ನೆನಪಾಗಲಿಲ್ಲ. ಕುಚ್ಚಲಕ್ಕಿಗೆ ಊರಿನಲ್ಲೇ ಹೊತ್ತು ಬೇಕು. ಅಲ್ಲಿ ಗ್ಯಾಸು ಮುಗಿಯಿತು, ಅಕ್ಕಿ ಕಲ್ಲಿನ ಹಾಗೇ ಉಳಿಯಿತು. ಮರುದಿನ ಇಡೀ ಗುಂಪು ಬ್ರೆಡ್ಡು ಬಾಳೆಹಣ್ಣು ತಿಂದಿತು. ಆಮೇಲೆ ಪ್ರೆಶರ್ ಕುಕ್ಕರ್ ಇಲ್ಲದೆ ನಾನು ನೈರೋಬಿ ಬಿಟ್ಟದ್ದಿಲ್ಲ.

ಕ್ರಮಗಳೂ ಬದಲಾದವು. ನಾನು ಸೇರಿದಾಗ ಸಿಂಹ ಹುಡುಕುವುದೆಂದರೆ ಮ್ವಾಂಗಿ ಲಾರಿಯ ಇಂಜಿನ್ ನಿಲ್ಲಿಸಿ ಸುಮ್ಮನೆ ಕೂರುವುದು. ಹುಲ್ಲೆಗಳು ಯಾವ ಕಡೆಗೆ ಮುಖ ಮಾಡಿ ನಿಂತಿವೆ ಎಂದು ನೋಡುವುದು. ಅವು ಒಂದೇ ಕಡೆ ನೋಡುತ್ತಿದ್ದರೆ ಅಲ್ಲೇನೋ ಉಂಟು. ನಾನು ಕೆಲಸ ಬಿಡುವ ಹೊತ್ತಿಗೆ, ಒಬ್ಬನಿಗೆ ಸಿಂಹ ಕಂಡರೆ ಸಾಕು, ಉಳಿದ ಡ್ರೈವರುಗಳ ಫೋನು ಟಿಂಗ್ ಎನ್ನುತ್ತದೆ, ಎಲ್ಲ ಗಾಡಿಗಳೂ ಒಂದೇ ಮರದ ಕೆಳಗೆ. ಸಿಂಹ ಮೊದಲಿಗಿಂತ ಹೆಚ್ಚು ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಜಿನ್ ನಿಂತಾಗ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರಲ್ಲ, ಏನೂ ಕಾಣದಿದ್ದರೂ ಹುಲ್ಲಿನ ಸದ್ದು ಕೇಳುತ್ತಿತ್ತಲ್ಲ, ಅದು ಈಗ ಬೆಳುವಾಯಿಯ ಗದ್ದೆಯ ಬದಿಯಲ್ಲಿ ಸ್ಕೂಟರು ನಿಲ್ಲಿಸಿದಾಗ ಒಮ್ಮೊಮ್ಮೆ ನನಗೆ ನೆನಪಾಗುತ್ತದೆ.

ಇನ್ನು ತಿಮ್ಮಪ್ಪಣ್ಣ ಮತ್ತು ಕಲ್ಯಾಣಿಯಕ್ಕ.

ಬೆಳ್ತಂಗಡಿಯಿಂದ ಘಟ್ಟದ ಬುಡಕ್ಕೆ ಹೋಗುವ ದಾರಿಯಲ್ಲಿ ಅವರ ಊರು. ರಬ್ಬರು, ತೆಂಗು, ಸ್ವಲ್ಪ ಬಾಳೆ, ಕೊಕ್ಕೊ. ಮಗಳು ಗಲ್ಫಿನಲ್ಲಿ. ಅವಳೇ ಇಬ್ಬರನ್ನೂ ಈ ಪ್ರವಾಸಕ್ಕೆ ಕಳಿಸಿದ್ದು. ಏಳು ಜನರ ಗುಂಪು, ಎಂಟನೆಯವಳು ನಾನು. ತಿಮ್ಮಪ್ಪಣ್ಣನ ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಹೆಗಲಲ್ಲಿ ಬೈರಾಸು ಎನ್ನುವ ಬಿಳಿ ಟವೆಲು. ಬಂದ ಮೊದಲ ಸಂಜೆಯೇ ಮ್ವಾಂಗಿಯ ಹೊಟ್ಟೆ ತಟ್ಟಿ, ಇದರಲ್ಲಿ ಎಷ್ಟು ತಿಂಗಳು ಎಂದು ತುಳುವಿನಲ್ಲಿ ಕೇಳಿದರು. ಅನುವಾದ ಮಾಡು ಎಂದು ಮ್ವಾಂಗಿ ನನಗೆ ಹೇಳಿದರು. ನಾನು ಬೇರೇನೋ ಹೇಳಿದೆ. ನಮ್ಮ ನಡುವಿನ ಮಾತೆಲ್ಲ ತುಳುವಿನಲ್ಲೇ; ಇಲ್ಲಿ ಓದುವವರಿಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಮಸಾಯಿ ಮಾರಾದ ಹತ್ತಿರ ಟೆಂಟ್ ಹಾಕಿದ ದಿನ, ಕತ್ತಲಾಗುವ ಮೊದಲು, ಶಿಬಿರದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಪರಿಮಳ ಬಂತು. ತಿಮ್ಮಪ್ಪಣ್ಣ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದರು. ಅದು ಪೆಟ್ಟಿಗೆಯ ಯಾವ ಮೂಲೆಯಲ್ಲಿ ಕುಳಿತು ಅಷ್ಟು ದೂರ ಬಂತೋ ನನಗೆ ಗೊತ್ತಿಲ್ಲ. ಮ್ವಾಂಗಿ ಲಾರಿಯಿಂದ ಇಳಿದು, ಮೂಗು ಎತ್ತಿ, ಇದು ನಮಗೆ ಮಾತ್ರ ಬರುವ ವಾಸನೆ ಅಲ್ಲ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಪೊದೆಯ ಬದಿಯಲ್ಲಿ ಒಂದು ಕತ್ತೆಕಿರುಬ ಬಂದು ನಿಂತಿತ್ತು. ತಲೆ ತಗ್ಗಿಸಿ, ಬೆನ್ನು ಇಳಿಜಾರು ಮಾಡಿ, ಊಟಕ್ಕೆ ಕರೆದಿದ್ದಾರೋ ಇಲ್ಲವೋ ಎಂಬ ಅನುಮಾನದಲ್ಲಿರುವ ನೆಂಟನ ಹಾಗೆ.

ನಾನು ಎಲ್ಲರಿಗೂ ಲಾರಿ ಹತ್ತಿ ಎಂದು ಹೇಳಲು ಬಾಯಿ ತೆರೆದೆ. ಅದಕ್ಕೂ ಮೊದಲೇ ಕಲ್ಯಾಣಿಯಕ್ಕ ಬಗ್ಗಿ ಕಲ್ಲು ಹೆಕ್ಕಿ, "ಹೋ... ಹೋಯ್" ಎಂದು ಗಂಟಲು ಹರಿಯುವ ಹಾಗೆ ಕೂಗಿ ಬೀಸಿ ಎಸೆದಾಗಿತ್ತು. ಕಲ್ಲು ಅದರ ಮುಂಗಾಲಿನ ಹತ್ತಿರ ಬಿತ್ತು. ಕತ್ತೆಕಿರುಬ ಹೋಯಿತು. ಮ್ವಾಂಗಿ ಮೊದಲು ಗದರಿದರು: ಇಲ್ಲಿ ಯಾವ ಪ್ರಾಣಿಗೂ ಕಲ್ಲು ಎಸೆಯುವಂತಿಲ್ಲ, ಇದು ಅವುಗಳ ಜಾಗ, ಓಡಿಸಬೇಕಾಗಿದ್ದರೆ ನಮ್ಮನ್ನು ಓಡಿಸಬೇಕು. ಆಮೇಲೆ, ಗುರಿ ಎಷ್ಟು ಚಂದ ಎಂದು ಕುರ್ಚಿಯಲ್ಲಿ ಕುಳಿತು ಅಲುಗಿ ಅಲುಗಿ ನಕ್ಕರು.

ಕಲ್ಯಾಣಿಯಕ್ಕ ನಗಲಿಲ್ಲ. ನಾಚಿಕೆಯಿಂದ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಕುಳಿತರು.

"ಕೈ ತಾನಾಗಿ ಹೋಗ್ತದೆ ಸುಪ್ರೀತಾ, ಎಂತ ಮಾಡುವುದು? ನಾನು ಮದುವೆಯಾಗಿ ಬಂದ ಮಾರನೆಯ ದಿನವೇ ನಮ್ಮ ಅತ್ತೆ ಕೈಯಲ್ಲಿ ಕಲ್ಲು ಕೊಟ್ಟು ತೋಟಕ್ಕೆ ಕಳಿಸಿದ್ದು. ಮಂಗ ಓಡಿಸ್ಲಿಕ್ಕೆ."

ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳಿದರು. ಘಟ್ಟದಿಂದ ಮಂಗಗಳ ಹಿಂಡು ಇಳಿದರೆ ಎಳನೀರು, ಬಾಳೆ, ಕೊಕ್ಕೊ ಯಾವುದೂ ಉಳಿಯುವುದಿಲ್ಲ. ಗಂಡ ರಬ್ಬರಿನ ಕೆಲಸಕ್ಕೆ ಹೋದರೆ ಇಡೀ ದಿನ ಕಾಯುವುದು ಇವರ ಪಾಲು. ಮೊದಲು ಕಲ್ಲು, ಆಮೇಲೆ ಡಬ್ಬ ಬಡಿಯುವುದು, ಆಮೇಲೆ ಗರ್ನಾಲು ಪಟಾಕಿ ಸಿಡಿಸುವುದು. ಹೊಟ್ಟೆಗೆ ಮರಿ ಕಟ್ಟಿಕೊಂಡ ತಾಯಿ ಮಂಗನಿಗೂ ಕಲ್ಲು ಹೊಡೆದದ್ದುಂಟು. ಅದು ಓಡುವಾಗ ಮರಿಯ ಮುಖ ಹಿಂದಕ್ಕೆ ತಿರುಗಿರುತ್ತದೆ.

"ಇಷ್ಟು ವರ್ಷದಲ್ಲಿ ಮಂಗ ಕೂತದ್ದನ್ನು ನಾನು ಸರಿಯಾಗಿ ನೋಡ್ಲೇ ಇಲ್ಲ. ನೋಡಿದ್ದೆಲ್ಲ ಬೆನ್ನು. ಟಿ.ವಿ.ಯಲ್ಲಿ ಆ ದೊಡ್ಡ ಮಂಗಗಳು ಮರಿಯನ್ನು ಮಡಿಲಲ್ಲಿ ಹಾಕಿ ಕೂತದ್ದು ತೋರಿಸಿದ್ರು. ಒಂದು ಸಲ ಓಡಿಸದೆ ನೋಡಬೇಕು ಅಂತ ಆಸೆ. ಮಗಳ ಹತ್ತಿರ ಹೇಳಿದೆ, ಕಳಿಸಿದಳು."

ಬೇರೆಯವರಿಗೆ ಗೊರಿಲ್ಲಾ ಎಂದರೆ ಫೋಟೊ. ಕಲ್ಯಾಣಿಯಕ್ಕನಿಗೆ ಅದೊಂದು ಬಾಕಿ ಉಳಿದ ನೋಟ. ತಿಮ್ಮಪ್ಪಣ್ಣನಿಗೆ ಗೊರಿಲ್ಲಾದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಇವಳೊಬ್ಬಳನ್ನೇ ಕಳಿಸಿದರೆ ಊರಿನವರು ಎಂತ ಹೇಳಿಯಾರು ಎಂದು ಬಂದದ್ದು ಎಂದರು. ಮಾರಾದಿಂದ ಉಗಾಂಡಕ್ಕೆ ಹೋಗುವ ದಾರಿಯುದ್ದಕ್ಕೂ ಕಿಟಕಿಯ ಸೀಟು ಹೆಂಡತಿಗೆ ಬಿಟ್ಟು, ತಾನು ಬದಿಯಲ್ಲಿ ಕುಳಿತು, ಜಿರಾಫೆ ಕಂಡರೆ ಅವರ ಮೊಣಕೈ ತಿವಿದು ತೋರಿಸುತ್ತಿದ್ದರು.

ಗೊರಿಲ್ಲಾ ನೋಡುವ ಕ್ರಮ ಹೊಸಬರು ತಿಳಿದಿರಬೇಕು. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಪರವಾನಗಿ ಹೆಸರಿನ ಮೇಲೆ. ನೀವು ಹೋಗದಿದ್ದರೆ ನಿಮ್ಮ ಬದಲಿಗೆ ಇನ್ನೊಬ್ಬರು ಹೋಗುವಂತಿಲ್ಲ. ಮುಖಕ್ಕೆ ಮಾಸ್ಕು, ನಡುವೆ ಹತ್ತು ಮೀಟರಿನ ಅಂತರ. ಎಲ್ಲಕ್ಕಿಂತ ದೊಡ್ಡ ನಿಯಮ: ಶೀತ, ಕೆಮ್ಮು, ಜ್ವರ ಇದ್ದವರು ಹೋಗಲೇಬಾರದು. ನಮಗೆ ಎರಡು ದಿನ ಮೂಗು ಸೋರಿ ಹೋಗುವ ಶೀತ ಅವುಗಳಿಗೆ ಹತ್ತಿದರೆ ಸಾಯಬಹುದು. ಹಿಂದಿನ ಸಂಜೆ ನಾನು ಇದನ್ನೆಲ್ಲ ಗುಂಪಿಗೆ ವಿವರಿಸಿದೆ. ಪ್ರಶ್ನೆ ಉಂಟಾ ಎಂದೆ. ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಲ್ಯಾಣಿಯಕ್ಕ ಅಡುಗೆಯ ಕಪಾಟಿನ ಹತ್ತಿರ ಬಂದು ಬಿಸಿನೀರು, ಶುಂಠಿ, ಒಳ್ಳೆಮೆಣಸಿನ ಕಾಳು ಕೇಳಿ ತೆಗೆದುಕೊಂಡು ಹೋದರು. ನಮ್ಮೂರಿನವರು ಚಳಿಯಾದರೆ ಕಷಾಯ ಕುಡಿಯುತ್ತಾರೆ, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಯಾರಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬ್ವಿಂಡಿ ಕಾಡಿನ ಅಂಚಿನಲ್ಲಿ ಮಂಜು. ಮರದ ಚಪ್ಪರದ ಕೆಳಗೆ ನಾವು ಎಂಟು ಜನ. ನಮ್ಮನ್ನು ಕರೆದುಕೊಂಡು ಹೋಗಬೇಕಾದ ರೇಂಜರ್ ಹೆಸರು ಗ್ರೇಸ್. ನನ್ನದೇ ವಯಸ್ಸಿನವಳು, ಹಸಿರು ಸಮವಸ್ತ್ರ, ನಗುವ ಮುಖ, ಆದರೆ ನಕ್ಕಳೆಂದ ಮಾತ್ರಕ್ಕೆ ಒಪ್ಪಿದಳೆಂದು ತಿಳಿಯಬಾರದು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ತುಳುವಿಗೆ ತಿರುಗಿಸುತ್ತಿದ್ದೆ. ನಾನು ನಿಂತದ್ದು ಅವಳಿಗೆ ಮುಖ ಮಾಡಿ, ಗುಂಪಿಗೆ ಬೆನ್ನು ಹಾಕಿ. ಇದನ್ನು ಗುರುತಿಟ್ಟುಕೊಳ್ಳಿ. ಅನುವಾದ ಮಾಡುವವರು ಎಂದೂ ಹಾಗೆ ನಿಲ್ಲಬಾರದು.

"ಯಾರಿಗಾದರೂ ಶೀತ, ಕೆಮ್ಮು ಉಂಟಾ?" ಎಂದು ಗ್ರೇಸ್ ಕೇಳಿದಳು, ನಾನು ಅನುವಾದಿಸಿದೆ. ಎಲ್ಲರೂ ಇಲ್ಲ ಎಂದರು. ಆ 'ಇಲ್ಲ'ದ ಬಾಲದಲ್ಲೇ ನನ್ನ ಬೆನ್ನ ಹಿಂದೆ ಒಂದು ಕೆಮ್ಮು ಕೇಳಿತು. ಒಂದೇ. ಒಣ ಕೆಮ್ಮು.

ತಿರುಗಿದೆ. ತಿಮ್ಮಪ್ಪಣ್ಣ ಮತ್ತು ಕಲ್ಯಾಣಿಯಕ್ಕ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ತಿಮ್ಮಪ್ಪಣ್ಣ ಬೈರಾಸನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಕಲ್ಯಾಣಿಯಕ್ಕ ಶಾಲನ್ನು ಮೂಗಿನ ತನಕ ಎಳೆದುಕೊಂಡು ತಮ್ಮ ಗಂಬೂಟನ್ನು ನೋಡುತ್ತಿದ್ದರು.

ತಿಮ್ಮಪ್ಪಣ್ಣ ಒಂದು ಹೆಜ್ಜೆ ಮುಂದೆ ಬಂದು ಎದೆ ಮುಟ್ಟಿಕೊಂಡು, "ಮೀ, ಮೀ" ಎಂದರು.

ಗ್ರೇಸ್ ಹತ್ತಿರ ಬಂದಳು, ಬೈರಾಸಿನಲ್ಲಿ ಕೆಂಪು ನೋಡಿದಳು, ತುಟಿಯಲ್ಲಿ ಕೆಂಪು ನೋಡಿದಳು, ಎರಡು ಹೆಜ್ಜೆ ಹಿಂದಕ್ಕೆ ಹೋದಳು. ರಕ್ತ ಕೆಮ್ಮುವ ಮನುಷ್ಯನನ್ನು ಯಾಕೆ ಕರೆದುಕೊಂಡು ಬಂದೆ ಎಂದು ನನ್ನನ್ನು ಕೇಳಿದಳು. ನಾನು ತಿಮ್ಮಪ್ಪಣ್ಣನ ಸೊಂಟದ ಸಂಚಿಯನ್ನೇ ಬಿಚ್ಚಿಸಿ ಎಲೆ, ಅಡಿಕೆ, ಸುಣ್ಣ ತೋರಿಸಿದೆ. ಅವಳು ಮೂಸಿ ನೋಡಿ ನಂಬಿದಳು. ಎಲ್ಲರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿದಳು. ಯಾರಿಗೂ ಜ್ವರವಿಲ್ಲ. ಅಲ್ಲಿಂದ ನನ್ನ ವಾದ ಶುರುವಾಯಿತು. ಕೆಂಪು ರಕ್ತವಲ್ಲ ಎಂದಾಯಿತು. ಜ್ವರವಿಲ್ಲ ಎಂದಾಯಿತು. ಒಂದು ಕೆಮ್ಮು ಕಾಯಿಲೆಯಲ್ಲ, ಅಡಿಕೆಯ ಚೂರು ಗಂಟಲಿಗೆ ತಾಗಿದರೂ ಕೆಮ್ಮು ಬರುತ್ತದೆ. ಅನುಮಾನದ ಲಾಭ ಆರೋಪಿಗೆ ಸಿಗಬೇಕು. ಚೆನ್ನಾಗಿಯೇ ವಾದಿಸಿದೆ, ಗೆಲ್ಲುವ ಹಂತದಲ್ಲಿದ್ದೆ. ಗ್ರೇಸ್ ತಲೆಯಾಡಿಸುತ್ತಿದ್ದಳು.

ಆಗ ನನ್ನದೇ ಪಕ್ಷದ ಆರೋಪಿ ನನ್ನನ್ನು ಸೋಲಿಸಿದರು.

"ಸುಪ್ರೀತಾ, ನೀನು ಸ್ವಲ್ಪ ಬಾಯಿ ಮುಚ್ಚು ಮಾರಾಯ್ತಿ. ನನಗೆ ನಿನ್ನೆಯಿಂದಲೇ ಶೀತ ಉಂಟು. ಆ ಮೇಡಮಿಗೆ ಹಾಗೇ ಹೇಳು."

ನಿನ್ನೆ ಇಡೀ ದಿನ ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಬಾಯಿ ನಿಲ್ಲಿಸದೆ ಮಾತಾಡಿದ್ದೀರಿ, ಒಂದು ಸೀನು ಕೂಡ ಕೇಳಲಿಲ್ಲ ಎಂದೆ.

"ಹೇಳು ಅಂದೆನಲ್ಲ."

ಹೇಳಿದೆ. ಗ್ರೇಸ್ ಅವರ ಕೈ ಕುಲುಕಲಿಲ್ಲ, ಆದರೆ ತಲೆ ಬಾಗಿಸಿದಳು. ಹೇಳಿದ್ದಕ್ಕೆ ಉಪಕಾರವಾಯಿತು ಎಂದಳು. ನನ್ನ ಕಡೆ ತಿರುಗಿ, "ನೀನು ಚೆನ್ನಾಗಿ ವಾದಿಸುತ್ತಿ. ಗೊರಿಲ್ಲಾಕ್ಕೆ ಶೀತ ಹಿಡಿದರೆ ನಾಳೆ ಯಾರ ಹತ್ತಿರ ವಾದಿಸುವುದು?" ಎಂದಳು.

ಕಲ್ಯಾಣಿಯಕ್ಕ ಆಗ ಮೊದಲ ಸಲ ತಲೆಯೆತ್ತಿದರು. ಹಾಗಾದರೆ ನಾನೂ ಹೋಗುವುದಿಲ್ಲ, ಇಬ್ಬರೂ ಇಲ್ಲೇ ಕೂರುವ ಎಂದರು. ಶಾಲಿನ ಒಳಗಿಂದ ದನಿ ಸರಿಯಾಗಿ ಬರಲಿಲ್ಲ.

"ಇಷ್ಟು ವರ್ಷ ಮಂಗ ಓಡಿಸಿದ್ದು ನಾನಾ ನೀನಾ?" ಎಂದರು ತಿಮ್ಮಪ್ಪಣ್ಣ. "ಹೋಗು. ಸರಿ ನೋಡಿ ಬಾ. ಬಂದು ನನಗೆ ಹೇಳಬೇಕು, ಒಂದೂ ಬಿಡದೆ."

ಬೆಟ್ಟ ಕಡಿದು. ಬಳ್ಳಿ, ಕೆಸರು, ತುರಿಕೆಯ ಗಿಡ. ಉಳಿದವರೆಲ್ಲ ಏರುವಾಗ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡಿದ್ದರು, ಅಲ್ಲಿ ಅದಕ್ಕೆ ಅಡ್ಡಿಯಿಲ್ಲ. ಕಲ್ಯಾಣಿಯಕ್ಕ ಕೆಳಗೆ ಕಟ್ಟಿದ ಮಾಸ್ಕನ್ನು ಒಮ್ಮೆಯೂ ಇಳಿಸಲಿಲ್ಲ. ಉಸಿರು ಕಟ್ಟುತ್ತದೆ ಅಕ್ಕ ಎಂದೆ. ಆಗಲಿ ಎಂದು ಕೈಯಾಡಿಸಿದರು.

ಗೊರಿಲ್ಲಾಗಳ ಜಾಡು ಹುಡುಕುತ್ತ ನಮಗಿಂತ ಮುಂದೆ ಹೋಗಿದ್ದ ಗ್ರೇಸಿನ ಕಡೆಯವರು ಕೈ ಎತ್ತಿದರು. ಪೊದೆ ಸರಿದಾಗ ಅಲ್ಲಿ ಬೆಳ್ಳಿಬೆನ್ನಿನ ಯಜಮಾನ ಗಂಡು ಗೊರಿಲ್ಲಾ, ಮೂರು ತಾಯಂದಿರು, ಒಂದರ ಮಡಿಲಲ್ಲಿ ಅಂಗೈಯಷ್ಟು ಮುಖದ ಮರಿ. ಎಲೆ ಹರಿಯುವ ಸದ್ದು, ಜಗಿಯುವ ಸದ್ದು. ಎಲ್ಲರೂ ಫೋನು ಎತ್ತಿಕೊಂಡು ಮುಂದೆ ಸರಿದರು. ಅಷ್ಟು ಆಸೆಯಿಂದ ಬಂದ ಕಲ್ಯಾಣಿಯಕ್ಕ ಮಾತ್ರ ಹಿಂದೆ ಸರಿದರು. ಎಲ್ಲರಿಗಿಂತ ಹಿಂದೆ, ಒಂದು ಮರಕ್ಕೆ ಭುಜ ಕೊಟ್ಟು ನಿಂತರು. ಗ್ರೇಸ್ ಕೈಬೀಸಿ ಹತ್ತಿರ ಕರೆದಳು. ಬೇಡ ಎಂದು ತಲೆಯಾಡಿಸಿದರು. ಹೆದರಿದ್ದಾರೆ ಎಂದು ನಾನೂ ಅಂದುಕೊಂಡೆ. ಗುಂಪಿನ ಇತರರೂ ಅಂದುಕೊಂಡರು. ಊರಿನ ಕತೆಯಲ್ಲಿರುವ 'ಹೆದರಿದ ಕಲ್ಯಾಣಿಯಕ್ಕ' ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಸ್ವಲ್ಪ ಹೊತ್ತಿನಲ್ಲಿ ಒಂದು ಎಳೆಯ ಗೊರಿಲ್ಲಾ, ನಾಲ್ಕು ವರ್ಷದ ಮಗುವಿನಷ್ಟಿದ್ದದ್ದು, ಬದಿಯ ಬಳ್ಳಿಯಿಂದ ಜಾರಿ ಇಳಿದು ನೇರ ಕಲ್ಯಾಣಿಯಕ್ಕನ ಕಡೆಗೇ ನಡೆಯತೊಡಗಿತು. ಅವರು ಹಿಂದೆ ಹಿಂದೆ ಹೋದರು. ಅದು ಮುಂದೆ ಮುಂದೆ ಬಂತು. ಆಗ ಅವರ ಸೊಂಟ ಬಗ್ಗಿತು, ಕೈ ನೆಲಕ್ಕೆ ಹೋಯಿತು, ಏಳುವಾಗ ಮುಷ್ಟಿಯಲ್ಲಿ ಕಲ್ಲಿತ್ತು.

ನಾನು ಕೂಗುವಂತಿರಲಿಲ್ಲ. ಬೆಳ್ಳಿಬೆನ್ನಿನವನು ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ಆ ಕಲ್ಲು ಕೈಬಿಟ್ಟರೆ ಆಮೇಲಿನದ್ದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ಕಲ್ಯಾಣಿಯಕ್ಕ ತಮ್ಮ ಕೈಯನ್ನೇ ನೋಡಿದರು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ. ಮತ್ತೆ ಬಗ್ಗಿದರು. ಹೇಂಟೆಯ ಬುಡಕ್ಕೆ ಮೊಟ್ಟೆ ಇಡುವಷ್ಟು ಮೆತ್ತಗೆ ಆ ಕಲ್ಲನ್ನು ಎಲೆಗಳ ಮೇಲೆ ಇಟ್ಟರು. ಮರಿ ನಿಂತಿತು, ಮೂಗು ಕೆರೆದುಕೊಂಡಿತು, ಓಡಲಿಲ್ಲ, ತಿರುಗಿ ತಾಯಿಯ ಹತ್ತಿರ ನಡೆದುಹೋಗಿ ಕುಳಿತಿತು. ಮುಖ ನಮ್ಮ ಕಡೆಗೇ.

ಉಳಿದ ಹೊತ್ತು ಅವರು ಕದಲಲಿಲ್ಲ. ಕೊನೆಗೆ ಒಮ್ಮೆ ಅವರ ಭುಜ ಅದುರಿತು. ಮಾಸ್ಕಿನ ಮೇಲೆ ಎರಡೂ ಕೈ ಒತ್ತಿ, ಮರದ ಹಿಂದಕ್ಕೆ ತಿರುಗಿ, ಬೆನ್ನು ಬಗ್ಗಿಸಿ ನಿಂತರು. ತಿರುಗಿದಾಗ ಕಣ್ಣಿನಲ್ಲಿ ನೀರು ತುಂಬಿತ್ತು. ಅಳುತ್ತಿದ್ದಾರೆ ಎಂದು ನನಗೂ ಕಣ್ಣು ತೇವವಾಯಿತು.

ಕೆಳಗೆ ತಿಮ್ಮಪ್ಪಣ್ಣ ಚಪ್ಪರದಲ್ಲಿ ಕುಳಿತು, ಹೊರೆಯಾಳುಗಳಿಗೆ ಎಲೆಗೆ ಸುಣ್ಣ ಹಚ್ಚುವುದನ್ನು ಕಲಿಸುತ್ತಿದ್ದರು. ಹೆಂಡತಿಯನ್ನು ನೋಡಿದ್ದೇ ಎದ್ದು, "ಕೂತಿತ್ತಾ?" ಎಂದರು. ಅವರು "ಕೂತಿತ್ತು" ಎಂದರು. ಲಾರಿಯಲ್ಲಿ ಕಬಾಲೆ ಪೇಟೆ ಬರುವ ತನಕ ಕಲ್ಯಾಣಿಯಕ್ಕ ಹೇಳುತ್ತಲೇ ಹೋದರು, ಅವರು ಕೇಳುತ್ತಲೇ ಹೋದರು. ಮರಿಯ ಉಗುರು ಹೇಗಿತ್ತು, ತಾಯಿ ಎಲೆಯನ್ನು ಯಾವ ಕೈಯಲ್ಲಿ ಹಿಡಿದಿತ್ತು, ಎಲ್ಲ. ಸಂಜೆ ಇಬ್ಬರೂ ಒಂದೇ ಚೆಂಬಿನಿಂದ ಕಷಾಯ ಕುಡಿದರು.

ಈಗ ಆ ಕೆಮ್ಮಿನ ವಿಚಾರ. ಇದನ್ನು ನಾನು ಎರಡೂ ಪಕ್ಷದಿಂದ ವಾದಿಸಿ ನೋಡಿದ್ದೇನೆ. ತಿಮ್ಮಪ್ಪಣ್ಣನೇ ಕೆಮ್ಮಿದ್ದು ಎನ್ನಲು ಬೈರಾಸು ಬಾಯಲ್ಲಿತ್ತು, ಅಡಿಕೆ ಗಂಟಲಲ್ಲಿತ್ತು, ಅವರೇ ಒಪ್ಪಿಕೊಂಡರು. ಅಲ್ಲ, ಕಲ್ಯಾಣಿಯಕ್ಕ ಎನ್ನಲು ಹಿಂದಿನ ಸಂಜೆಯ ಆ ಕಷಾಯ, ಆ ಮಾಸ್ಕು, ಆ ದೂರ, ಮರದ ಹಿಂದಿನ ಆ ಬಾಗಿದ ಬೆನ್ನು. ಇವೆಲ್ಲ ನನಗೆ ಹೊಳೆದದ್ದು ಅವರು ವಿಮಾನ ಹತ್ತಿ ಹೋದ ಮೇಲೆ. ಗ್ರೇಸಿಗೆ ಸಂದೇಶ ಕಳಿಸಿ ಆ ಕುಟುಂಬದ ಮೇಲೆ ಕಣ್ಣಿಡಲು ಹೇಳಿದೆ. ಎಲ್ಲವೂ ಚೆನ್ನಾಗಿವೆ, ಮರಿ ದೊಡ್ಡದಾಗುತ್ತಿದೆ ಎಂದು ತಿಂಗಳುಗಟ್ಟಲೆ ಉತ್ತರ ಬರುತ್ತಿತ್ತು. ಕೆಟ್ಟದ್ದೇನೂ ಆಗಲಿಲ್ಲವಲ್ಲ ಎಂದು ನೀವು ಹೇಳಬಹುದು. ಅದು ವಾದವಲ್ಲ, ಅದೃಷ್ಟ. ಅಂದು ಗೊತ್ತಿದ್ದರೆ ನಾನು ಕಲ್ಯಾಣಿಯಕ್ಕನನ್ನು ಹತ್ತಲು ಬಿಡುತ್ತಿರಲಿಲ್ಲ. ಆ ಆಸೆ ಗೊತ್ತಿದ್ದೂ ಬಿಡುತ್ತಿರಲಿಲ್ಲ. ಈ ಉದ್ಯೋಗಕ್ಕೆ ಬರುವವರು ಇದನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಅನುವಾದ ಮಾಡುವಾಗ ಮುಖಗಳು ಕಾಣುವ ಹಾಗೆ ನಿಲ್ಲಬೇಕು. ಇಷ್ಟು ಖಂಡಿತವಾಗಿ ಹೇಳಿದ ಮೇಲೂ, ಆ ಕಲ್ಲು ಎಲೆಗಳ ಮೇಲೆ ಇಳಿದದ್ದನ್ನು ನೋಡದೆ ಇರುತ್ತಿದ್ದೆ ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದನ್ನು ಚರ್ಚಾಸ್ಪರ್ಧೆಯಲ್ಲಿ ಯಾರೂ ಕಲಿಸಲಿಲ್ಲ.

ಮೊನ್ನೆ ಲಾಯಿಲದಲ್ಲಿ ಸಂಬಂಧಿಕರೊಬ್ಬರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಊಟವಾಗಿ ಜಗಲಿಯಲ್ಲಿ ಕುಳಿತಿದ್ದಾಗ ತಿಮ್ಮಪ್ಪಣ್ಣನ ಸುತ್ತ ಜನ ಸೇರಿದರು. ಅವರು ಹೇಳುತ್ತಿದ್ದರು: ತಾಯಿ ಎಡಗೈಯಲ್ಲಿ ಎಲೆ ಹಿಡಿಯುತ್ತದೆ, ಮರಿಯ ಉಗುರು ನಮ್ಮ ಮಕ್ಕಳದ್ದರ ಹಾಗೇ, ಕೂತರೆ ಮುಖ ನಮ್ಮ ಕಡೆಗೇ. ಒಂದು ವಿವರವೂ ತಪ್ಪಿರಲಿಲ್ಲ. ಅವರು ನೋಡಿರದ ಒಂದು ಗಂಟೆ ಅವರ ಬಾಯಲ್ಲಿ ನಾನು ನೋಡಿದ್ದಕ್ಕಿಂತ ಚೆನ್ನಾಗಿ ನಿಂತಿತ್ತು. ಕೈ ಹಿಡಿದ ಕತೆಯನ್ನು ಅವರು ಹೇಳಲಿಲ್ಲ. ಅದನ್ನು ಸುತ್ತ ಇದ್ದವರೇ ಸೇರಿಸಿದರು. ಒಬ್ಬರು ಕಲ್ಯಾಣಿಯಕ್ಕನ ಕಡೆ ತಿರುಗಿ, ನೀವು ಮಾತ್ರ ಹೆದರಿ ಕೆಳಗೇ ಕೂತಿರಂತೆ ಎಂದು ಕೆಣಕಿದರು.

"ಹೌದು ಮತ್ತೆ," ಎಂದರು ಕಲ್ಯಾಣಿಯಕ್ಕ ನಗುತ್ತಾ. "ನಮಗೆಲ್ಲ ಎಲ್ಲಿಯ ಧೈರ್ಯ?"

ತಿಮ್ಮಪ್ಪಣ್ಣ ಸುಣ್ಣದ ಡಬ್ಬಿಯ ಮುಚ್ಚಳ ತೆರೆಯುವುದರಲ್ಲಿ ಮಗ್ನರಾಗಿದ್ದರು. ಕೆಳಗೆ ಕೂತವರು ಅವರು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆಯೇ ಆ ಕೆಮ್ಮು. ನಾನು ಖಂಡಿಸಲು ಎದ್ದೆ. ಕಲ್ಯಾಣಿಯಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡು, ಬಾ, ಕೈ ತೊಳೆಯುವ ಎಂದು ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ನಾವಿಬ್ಬರೂ ಕೈ ತೊಳೆದು ಎಷ್ಟೋ ಹೊತ್ತಾಗಿತ್ತು. ಮೊಣಗಂಟು ಹೇಗುಂಟು ಎಂದು ಕೇಳಿದರು. ಪರವಾಗಿಲ್ಲ ಎಂದೆ. ಹಿತ್ತಿಲಿನ ತೆಂಗಿನ ಮರದಲ್ಲಿ ಒಂದು ಮಂಗ ಕುಳಿತಿತ್ತು. ಅವರು ಅದನ್ನು ನೋಡಿದರು, ಬಗ್ಗಲಿಲ್ಲ. ನಾನು ನಲ್ಲಿ ನಿಲ್ಲಿಸಿ, ಈ ಸಲ ಅವರ ಮುಖ ಕಾಣುವ ಹಾಗೆ ನಿಂತು ಕೇಳಿದೆ:

"ಅಕ್ಕ, ಆ ದಿನ ಬೆಳಿಗ್ಗೆ ಕೆಮ್ಮಿದ್ದು ಅಣ್ಣನಾ, ನೀವಾ?"